ಟ್ರಿಂಗ್ ಪಕ್ಕದ ಆಲ್ಡ್‌ಬರಿ: ನಾಲೆಯ ದಡ, ಬೆಟ್ಟದ ಕಾಡು. ಅಪ್ಪ ಅಮ್ಮನ ಜೊತೆ ನಡೆಯಬಹುದೇ?

ಪಾಂಡವಪುರದವ

ನಮಸ್ಕಾರ. ಏಪ್ರಿಲ್ ಕೊನೆಗೆ ಅಪ್ಪ ಅಮ್ಮ ಊರಿನಿಂದ ಬರುತ್ತಿದ್ದಾರೆ. ಅವರಿಗೆ ಇದು ಮೊದಲ ವಿದೇಶ ಪ್ರಯಾಣ. ನಾವಿರುವುದು ವಾಟ್‌ಫರ್ಡ್‌ನಲ್ಲಿ. ಲಂಡನ್ನಿನ ಅರಮನೆ, ಸೇತುವೆ, ವಸ್ತುಸಂಗ್ರಹಾಲಯಗಳಿಗೆ ಹೇಗೂ ಕರೆದೊಯ್ಯುತ್ತೇವೆ. ಆದರೆ ಅಪ್ಪ ಜೀವಮಾನವಿಡೀ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಭತ್ತ, ಕಬ್ಬು ಬೆಳೆದವರು. ಬೆಳಗಿನ ಕಾಫಿ ಕುಡಿದು ನಾಲೆ ಏರಿಯ ಮೇಲೆ ಒಂದು ಸುತ್ತು ಹೋಗಿ ಬರದಿದ್ದರೆ ಅವರಿಗೆ ಸಮಾಧಾನವಿಲ್ಲ. ಈ ದೇಶದ ಹಳ್ಳಿ, ಹೊಲ, ನೀರು ತೋರಿಸದೆ ಅವರನ್ನು ಕಳಿಸಿಕೊಡಲು ನನಗೆ ಮನಸ್ಸಿಲ್ಲ.

ನಮ್ಮ ಮನೆಯ ಹತ್ತಿರದ ಕ್ಯಾಸಿಯೊಬರಿ ಪಾರ್ಕಿನಲ್ಲಿ ಗ್ರ್ಯಾಂಡ್ ಯೂನಿಯನ್ ನಾಲೆ ಹಾದುಹೋಗುತ್ತದೆ. ಅದು ಊರೊಳಗಿನ ನೋಟ. ಅದೇ ನಾಲೆ ಟ್ರಿಂಗ್ ಕಡೆ ಹಳ್ಳಿಗಾಡಿನಲ್ಲಿ ಸಾಗುತ್ತದೆ, ಪಕ್ಕದ ಆಲ್ಡ್‌ಬರಿ ಎಂಬ ಹಳ್ಳಿಯ ಮೇಲೆ ದೊಡ್ಡ ಕಾಡೂ ಇದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಅಪ್ಪನಿಗೆ ಎಪ್ಪತ್ತಾದರೂ ನಡೆಯಲು ಗಟ್ಟಿಗರು. ಅಮ್ಮನಿಗೆ ಮಂಡಿನೋವು. ಸಮತಟ್ಟಾದರೆ ನಿಧಾನವಾಗಿ ಎರಡು ಮೂರು ಕಿಲೋಮೀಟರ್ ನಡೆಯಬಲ್ಲರು, ಏರು ಆಗುವುದಿಲ್ಲ. ಹೆಂಡತಿಗೆ ಕಾರು ಓಡಿಸಲು ಬರುತ್ತದೆ.

ಒಂದೇ ದಿನದಲ್ಲಿ ನಾಲೆ, ಹಳ್ಳಿ, ಕಾಡು ಮೂರನ್ನೂ ನೋಡಲು ಆಗುತ್ತದೆಯೇ? ಕಾಡಿನ ನೆಲದಲ್ಲಿ ಅರಳುವ ಬ್ಲೂಬೆಲ್ ಎಂಬ ನೀಲಿ ಹೂವಿನ ಕಾಲ ಅದೇ ಹೊತ್ತಿಗೆ ಬರುತ್ತದೆಯೇ? ಇನ್ನೊಂದು ವಿಷಯ. ನೀರು ಕಂಡ ಕೂಡಲೇ ಅಪ್ಪ ಕೇಳುವುದು, "ಇದು ಎಲ್ಲಿಂದ ಬರುತ್ತದೆ, ಯಾವ ಗದ್ದೆಗೆ ಹೋಗುತ್ತದೆ?" ಎಂದು. ತಿಳಿದವರು ಅದನ್ನೂ ಹೇಳಿದರೆ ಉಪಕಾರವಾಗುತ್ತದೆ.

ನಾಲೆ ಏರಿ

ಭದ್ರಾ ಬಲದಂಡೆ ನಾಲೆಯ ಮೇಲೆ ಕೆಲಸ ಮಾಡಿ ನಿವೃತ್ತನಾದವನು ನಾನು. ಮಗಳು ಹೆಮೆಲ್ ಹೆಂಪ್‌ಸ್ಟೆಡ್‌ನಲ್ಲಿದ್ದಾಳೆ. ಇಲ್ಲಿಗೆ ಬಂದಾಗಲೆಲ್ಲ ಟ್ರಿಂಗ್‌ಗೆ ಹೋಗದೆ ಹಿಂತಿರುಗುವುದಿಲ್ಲ. ನಿಮ್ಮ ತಂದೆಯವರ ಪ್ರಶ್ನೆ ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಲು ಗ್ರ್ಯಾಂಡ್ ಯೂನಿಯನ್ ನಾಲೆಯುದ್ದಕ್ಕೂ ಟ್ರಿಂಗ್‌ಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಮೊದಲು ದಾರಿ. ಆಲ್ಡ್‌ಬರಿಯನ್ನು ನಡುವೆ ಇಟ್ಟುಕೊಳ್ಳಿ. ಹಳ್ಳಿಯ ಪಶ್ಚಿಮಕ್ಕೆ ಸುಮಾರು ಒಂದೂವರೆ ಕಿಲೋಮೀಟರಿನಲ್ಲಿ ಟ್ರಿಂಗ್ ರೈಲು ನಿಲ್ದಾಣ. ಹೆಸರು ಟ್ರಿಂಗ್ ಎಂದಿದ್ದರೂ ಅದು ಟ್ರಿಂಗ್ ಪಟ್ಟಣದಿಂದ ದೂರ, ಈ ಹಳ್ಳಿಗೇ ಹತ್ತಿರ. ನಿಲ್ದಾಣ ದಾಟಿ ಪಟ್ಟಣದ ಕಡೆ ಸ್ವಲ್ಪ ನಡೆದರೆ ನಾಲೆಯ ಸೇತುವೆ. ಹಳ್ಳಿಯ ಪೂರ್ವಕ್ಕೆ, ಮನೆಗಳ ಹಿಂದೆಯೇ, ಆಶ್ರಿಜ್ ಕಾಡಿನ ಬೆಟ್ಟ. ವಾಟ್‌ಫರ್ಡ್ ಜಂಕ್ಷನ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗೆ ತಲುಪುತ್ತೀರಿ.

ಸೇತುವೆಯ ಬಳಿ ದಡಕ್ಕಿಳಿದು ಬಲಕ್ಕೆ, ಅಂದರೆ ವಾಯವ್ಯ ದಿಕ್ಕಿಗೆ ತಿರುಗಿ. ಎಡಕ್ಕೆ ಹೋದರೆ ಕೌರೋಸ್ಟ್ ಕಡೆ ಹೋಗುತ್ತೀರಿ, ಅದು ಇನ್ನೊಂದು ದಿನಕ್ಕಿರಲಿ. ಬಲಕ್ಕೆ ಸಾಗಿದಂತೆ ನೆಲ ಎರಡೂ ಬದಿಯಲ್ಲಿ ಮೇಲೇರುತ್ತದೆ, ನಾಲೆ ಮಾತ್ರ ಕೆಳಗೇ ಉಳಿಯುತ್ತದೆ. ಇದು ಟ್ರಿಂಗ್ ಕಟಿಂಗ್. 1790ರ ದಶಕದಲ್ಲಿ ಸುಣ್ಣಕಲ್ಲಿನ ಗುಡ್ಡವನ್ನು ಗುದ್ದಲಿ, ಸಲಿಕೆ, ಕೈಗಾಡಿಗಳಿಂದ ಕಡಿದು ಮಾಡಿದ ದಾರಿ. ಸುಮಾರು ಎರಡೂವರೆ ಕಿಲೋಮೀಟರ್ ಉದ್ದ. ಇಕ್ಕೆಲದ ಇಳಿಜಾರಿನಲ್ಲಿ ಮರಗಳು ಬೆಳೆದು ನೀರಿನ ಮೇಲೆ ಬಾಗಿವೆ. ಮೊಬೈಲ್ ತೆಗೆಯದೆ ನಡೆಯಿರಿ ಎಂದು ನಾನು ಯಾರಿಗೂ ಹೇಳುವವನಲ್ಲ, ಇಲ್ಲಿ ಮಾತ್ರ ಹೇಳುತ್ತೇನೆ.

ಈಗ ನೀರಿನ ವಿಷಯ. ಈ ನೀರು ಯಾವ ಗದ್ದೆಗೂ ಹೋಗುವುದಿಲ್ಲ. ದೋಣಿಗಳನ್ನು ತೇಲಿಸುವುದಕ್ಕಾಗಿಯೇ ಇದನ್ನು ತೋಡಿದ್ದು. ಲಂಡನ್ನನ್ನು ಮಿಡ್‌ಲ್ಯಾಂಡ್ಸ್ ಪ್ರದೇಶಕ್ಕೆ ಜೋಡಿಸಲು 1793ರಲ್ಲಿ ಗ್ರ್ಯಾಂಡ್ ಜಂಕ್ಷನ್ ನಾಲೆಗೆ ಸಂಸತ್ತಿನ ಕಾಯ್ದೆಯಾಯಿತು. ಎಂಜಿನಿಯರ್ ವಿಲಿಯಂ ಜೆಸಪ್. ಬ್ಲಿಸ್ವರ್ತ್ ಸುರಂಗ ಮುಗಿದು ಕೊನೆಯಿಂದ ಕೊನೆಗೆ ನೀರಿನಲ್ಲೇ ಹೋಗುವಂತಾದದ್ದು 1805ರಲ್ಲಿ. ಗ್ರ್ಯಾಂಡ್ ಯೂನಿಯನ್ ಎಂಬ ಹೆಸರು ಬಂದದ್ದು 1929ರಲ್ಲಿ.

ನಮ್ಮ ನಾಲೆ ಅಣೆಕಟ್ಟಿನಿಂದ ಹೊರಟರೆ ಕೊನೆಯ ಉಪನಾಲೆಯವರೆಗೂ ಇಳಿಯುತ್ತಲೇ ಹೋಗಬೇಕು. ಇಳಿಜಾರು ತಪ್ಪಿದರೆ ನೀರು ನಿಂತಿತು. ಇಲ್ಲಿ ಹಾಗಲ್ಲ. ಲಂಡನ್ ಕಡೆಯಿಂದ ನಾಲೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಬಂದು ಟ್ರಿಂಗ್ ಬಳಿ ಚಿಲ್ಟರ್ನ್ ಬೆಟ್ಟಸಾಲನ್ನು ದಾಟಿ ಆ ಕಡೆಗೆ ಇಳಿಯುತ್ತದೆ. ಒಂದೊಂದು ಮೆಟ್ಟಿಲೂ ಒಂದು ಲಾಕ್, ಅಂದರೆ ಎರಡೂ ತುದಿಗೆ ಕದವಿಟ್ಟು, ನೀರು ತುಂಬಿಸಿ ಖಾಲಿ ಮಾಡಿ ದೋಣಿಯನ್ನು ಏರಿಸಿ ಇಳಿಸುವ ತೊಟ್ಟಿ. ನೀವು ನಡೆಯುವ ಕಟಿಂಗ್ ಇರುವುದು ಆ ನೆತ್ತಿಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿ. ಒಂದು ದೋಣಿ ನೆತ್ತಿ ಹತ್ತಿ ಇಳಿದರೆ ಎರಡೂ ಕಡೆಗೆ ಒಂದೊಂದು ಲಾಕ್ ತುಂಬ ನೀರು ಕೆಳಗೆ ಹೋಗಿಬಿಡುತ್ತದೆ. ಒಂದು ಲಾಕ್ ಎಂದರೆ ಸುಮಾರು ಎರಡು ಲಕ್ಷ ಲೀಟರ್. ಹೋದ ನೀರು ತಾನಾಗಿ ಮೇಲೆ ಬರುವುದಿಲ್ಲ.

ನನ್ನ ನೌಕರಿಯ ಕಾಲವೆಲ್ಲ ಕೊನೆಯ ಭಾಗದ ರೈತರಿಗೆ ನೀರು ಮುಟ್ಟಿಸುವ ಚಿಂತೆಯಲ್ಲೇ ಕಳೆಯಿತು. ಮೇಲಿನವರು ಎಳೆದುಕೊಂಡ ಮೇಲೆ ದಾವಣಗೆರೆಯ ಬಾಲಭಾಗದ ಗದ್ದೆಗೆ ಏನು ಉಳಿಯುತ್ತದೆ ಎಂಬುದು ಅಲ್ಲಿಯ ಬೇಸಾಯಗಾರರಿಗೆಲ್ಲ ಗೊತ್ತು. ಟ್ರಿಂಗ್‌ನಲ್ಲಿ ಬಾಯಾರುವುದು ಬಾಲವಲ್ಲ, ನೆತ್ತಿ. ಇದನ್ನು ಅರ್ಥ ಮಾಡಿಕೊಂಡು ನಡೆದರೆ ಮುಂದೆ ಕಾಣುವ ಪ್ರತಿಯೊಂದಕ್ಕೂ ಕಾರಣ ಸಿಗುತ್ತದೆ. ಕಟಿಂಗ್ ಮುಗಿದು ಬಲ್ಬೋರ್ನ್ ದಾಟಿದರೆ ಎಡಗಡೆಯಿಂದ ವೆಂಡೋವರ್ ಶಾಖೆ ಬಂದು ಸೇರುತ್ತದೆ. ವೆಂಡೋವರ್ ಬಳಿಯ ಬೆಟ್ಟದ ಬುಗ್ಗೆಗಳ ನೀರನ್ನು ನೆತ್ತಿಗೆ ತರಲೆಂದೇ ಅದನ್ನು 1790ರ ದಶಕದ ಕೊನೆಗೆ ತೆರೆದರು. ಅದು ಎಷ್ಟು ಸೋರುತ್ತಿತ್ತೆಂದರೆ ಒಂದು ಕಾಲಕ್ಕೆ ಕೊಡುವುದಕ್ಕಿಂತ ಹೆಚ್ಚು ನೀರನ್ನು ಮುಖ್ಯ ನಾಲೆಯಿಂದಲೇ ಹೀರತೊಡಗಿತು. ಕೊನೆಗೆ 1904ರಲ್ಲಿ ಅದರ ಒಂದು ಭಾಗವನ್ನೇ ಮುಚ್ಚಿದರು. ಬುಗ್ಗೆಯ ನೀರು ಸಾಲದೆ 19ನೇ ಶತಮಾನದ ಮೊದಲ ಎರಡು ದಶಕಗಳಲ್ಲಿ ವಿಲ್‌ಸ್ಟನ್, ಮಾರ್ಸ್‌ವರ್ತ್, ಟ್ರಿಂಗ್‌ಫರ್ಡ್, ಸ್ಟಾರ್ಟಪ್ಸ್ ಎಂಡ್ ಎಂಬ ನಾಲ್ಕು ಕೆರೆ ಕಟ್ಟಿದರು. ಕೆರೆಗಳು ನೆತ್ತಿಗಿಂತ ಕೆಳಗಿವೆ. ಹಾಗಾಗಿ ಟ್ರಿಂಗ್‌ಫರ್ಡ್‌ನ ಪಂಪ್‌ಹೌಸಿನಿಂದ ನೀರನ್ನು ವೆಂಡೋವರ್ ಶಾಖೆಗೆ ಎತ್ತಿ ಹಾಕುತ್ತಾರೆ. ಮೊದಲು ಆವಿಯಂತ್ರ, ಈಗ ವಿದ್ಯುತ್. ಏತ ನೀರಾವರಿ ಎಂದರೆ ನಿಮ್ಮ ತಂದೆಗೆ ತಕ್ಷಣ ತಿಳಿಯುತ್ತದೆ, ಎತ್ತುವುದು ದೋಣಿಗಾಗಿ ಎಂಬುದಷ್ಟೇ ವ್ಯತ್ಯಾಸ.

ಅಲ್ಲಿಂದ ಮುಂದೆ ಮಾರ್ಸ್‌ವರ್ತ್ ಕಡೆಗೆ ಏಳು ಲಾಕ್‌ಗಳು ಒಂದರ ಕೆಳಗೊಂದು ಇಳಿಯುತ್ತವೆ. ಪಕ್ಕದಲ್ಲೇ ಕೆರೆ ಏರಿ. ನಿಲ್ದಾಣದಿಂದ ಇಲ್ಲಿಗೆ ನಾಲ್ಕು ಕಿಲೋಮೀಟರಿನಷ್ಟು, ಲಾಕ್‌ಗಳ ಬಳಿಯ ಇಳಿಜಾರು ಬಿಟ್ಟರೆ ಎಲ್ಲವೂ ಸಮತಟ್ಟು. ಇಲ್ಲಿ ಅವಸರ ಮಾಡಬೇಡಿ. ಒಂದು ದೋಣಿ ಲಾಕ್ ದಾಟುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಿ. ಮೇಲ್ಗಡೆಗೆ ಒಂದು ಜೊತೆ ಕದ, ಕೆಳಗಡೆಗೆ ಒಂದು ಜೊತೆ. ಕದಗಳು ನೇರವಾಗಿ ಮುಚ್ಚುವುದಿಲ್ಲ. ಎರಡೂ ಮೇಲ್ನೀರಿನ ಕಡೆಗೆ ಮೂಗು ಮಾಡಿ ಕೂಡಿಕೊಳ್ಳುತ್ತವೆ. ನೀರಿನ ಒತ್ತಡ ಹೆಚ್ಚಿದಷ್ಟೂ ಇನ್ನಷ್ಟು ಬಿಗಿಯುತ್ತವೆ. ಕದದ ಬುಡದಲ್ಲಿ ತೂಬು. ಕೈಹಿಡಿ ತಿರುಗಿಸಿ ತೂಬಿನ ಹಲಗೆ ಎತ್ತಿದರೆ ನೀರು ನುಗ್ಗುತ್ತದೆ, ಎರಡೂ ಕಡೆಯ ಮಟ್ಟ ಒಂದಾಗುವವರೆಗೆ ಕದ ಅಲುಗುವುದಿಲ್ಲ. ಒಂದಾದ ಕ್ಷಣ, ಕದಕ್ಕೆ ಸೇರಿಸಿದ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು ಒಬ್ಬನೇ ತಳ್ಳಬಹುದು. ತಳ್ಳುವವನ ಕಾಲು ಜಾರದಿರಲೆಂದು ನೆಲದಲ್ಲಿ ಇಟ್ಟಿಗೆಗಳನ್ನು ಕಮಾನಿನಂತೆ ಸಾಲಾಗಿ ಎಬ್ಬಿಸಿಟ್ಟಿದ್ದಾರೆ. ಎಷ್ಟೋ ತಲೆಮಾರಿನ ಬೂಟುಗಳು ತಿಕ್ಕಿ ಅವುಗಳ ಅಂಚು ಸವೆದಿದೆ. ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಗಳ ಜೊತೆ ವರ್ಷಗಟ್ಟಲೆ ಓಡಾಡಿದ ನನಗೆ ಆ ಇಟ್ಟಿಗೆ ಕಂಡಾಗ ಕೈ ಮುಗಿಯಬೇಕೆನಿಸುತ್ತದೆ.

ಕಾಡಿನ ಬಗ್ಗೆ ಬೇರೆಯವರು ಹೇಳಲಿ. ಒಂದು ಮಾತ್ರ ನಾನೇ ಹೇಳಬೇಕು. ಆಲ್ಡ್‌ಬರಿಯ ಮೇಲಿನ ಕಾಡಿನಲ್ಲಿ 1832ರಲ್ಲಿ ನಿಲ್ಲಿಸಿದ 108 ಅಡಿ ಎತ್ತರದ ಕಲ್ಲಿನ ಕಂಬವಿದೆ. ಅದು ಬ್ರಿಜ್‌ವಾಟರ್‌ನ ಮೂರನೆಯ ಡ್ಯೂಕ್ ಫ್ರಾನ್ಸಿಸ್ ಎಗರ್ಟನ್ನನ ಸ್ಮಾರಕ. ಆತ ತನ್ನ ಗಣಿಯ ಕಲ್ಲಿದ್ದಲನ್ನು ವರ್ಸ್ಲಿಯಿಂದ ಮ್ಯಾಂಚೆಸ್ಟರಿಗೆ ಸಾಗಿಸಲು ತೋಡಿಸಿದ ನಾಲೆ 1761ರಲ್ಲಿ ತೆರೆಯಿತು. ಮ್ಯಾಂಚೆಸ್ಟರಿನಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕಿಳಿಯಿತು. ಇಂಗ್ಲೆಂಡಿನ ತುಂಬ ನಾಲೆ ತೋಡುವ ಹುರುಪು ಹುಟ್ಟಿದ್ದು ಅಲ್ಲಿಂದ. ಕಂಬದ ಮೇಲೆ ಅವನನ್ನು ಒಳನಾಡಿನ ಜಲಸಾರಿಗೆಯ ಜನಕ ಎಂದು ಕೆತ್ತಿದ್ದಾರೆ. ಕೆಳಗೆ ನಾಲೆಯನ್ನು ನೋಡಿ, ಹಳ್ಳಿ ದಾಟಿ, ಮೇಲೆ ಅವನ ಕಂಬದ ಬುಡಕ್ಕೆ ಹೋಗಿ. ಈ ಕ್ರಮ ತಪ್ಪಿಸಬೇಡಿ.

ಕೆಂಪು ಕಣಗಿಲೆ

ಮೇಲೆ ಬರೆದ ಹಿರಿಯರ ಮಾತು ಓದಿ ನನಗೂ ಮತ್ತೆ ಹೋಗಬೇಕೆನಿಸಿತು. ಆದರೆ ಪಾಂಡವಪುರದವರೇ, ನಿಮ್ಮ ತಾಯಿಯವರನ್ನು ಕಟಿಂಗ್ ದಾರಿಯಲ್ಲಿ ನಡೆಸಬೇಡಿ. ನನ್ನ ಅತ್ತೆಯವರಿಗೂ ಮಂಡಿನೋವು. ಮಳೆ ಬಿದ್ದು ಎರಡು ದಿನವಾದರೂ ಅಲ್ಲಿ ಬಿಸಿಲು ತಾಗದೆ ಕೆಸರು ಆರಿರುವುದಿಲ್ಲ, ದಾರಿ ಕಿರಿದು, ನೀರಿನ ಅಂಚಿಗೆ ಕಂಬಿಬೇಲಿ ಇಲ್ಲ. ಚಪ್ಪಲಿಯಲ್ಲಂತೂ ಬೇಡವೇ ಬೇಡ.

ಅವರನ್ನು ಕಾರಿನಲ್ಲಿ ಸೀದಾ ಬ್ರಿಜ್‌ವಾಟರ್ ಸ್ಮಾರಕಕ್ಕೆ ಕರೆತನ್ನಿ. ಅದು ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆ ನೋಡಿಕೊಳ್ಳುವ ಜಾಗ. ಕಾರು ನಿಲ್ಲಿಸಲು ಸ್ಥಳ, ಶೌಚಾಲಯ, ಕ್ಯಾಫೆ ಎಲ್ಲವೂ ಅಲ್ಲೇ ಇವೆ, ಸುತ್ತ ಸಮತಟ್ಟಾದ ಹಾದಿಗಳಿವೆ. ಕ್ಯಾಫೆಯಲ್ಲಿ ನಮ್ಮವರ ಬಾಯಿಗೆ ಹಿಡಿಸುವುದು ಕಡಿಮೆ. ಪುಳಿಯೋಗರೆ, ಚಪಾತಿ ಕಟ್ಟಿಕೊಂಡು ಹೋಗಿ ಹೊರಗಿನ ಬೆಂಚಿನಲ್ಲಿ ಕುಳಿತು ತಿನ್ನಿ. ಏಪ್ರಿಲ್ ಎಂದು ನಂಬಿ ಸ್ವೆಟರ್ ಬಿಟ್ಟು ಹೋಗಬೇಡಿ.

ಹೂವಿನ ಬಗ್ಗೆ ಕೇಳಿದ್ದೀರಿ. ಬ್ಲೂಬೆಲ್ ಏಪ್ರಿಲ್ ಮಧ್ಯದಿಂದ ಮೇ ಮೊದಲ ಭಾಗದವರೆಗೆ ಇರುತ್ತದೆ. ವರ್ಷದ ಚಳಿ ನೋಡಿಕೊಂಡು ಒಂದು ವಾರ ಆಚೀಚೆ. ನಿಮ್ಮ ದಿನಗಳು ಚೆನ್ನಾಗಿಯೇ ಕೂಡಿಬಂದಿವೆ. ಆಶ್ರಿಜ್‌ನಲ್ಲಿ ಹೆಚ್ಚು ಹೆಸರಾದದ್ದು ಡಾಕಿ ವುಡ್. ಅದು ಸ್ಮಾರಕದಿಂದ ಉತ್ತರಕ್ಕೆ ಕೆಲವು ಕಿಲೋಮೀಟರ್ ದೂರ. ಹೂವಿನ ಕಾಲದ ವಾರಾಂತ್ಯಗಳಲ್ಲಿ ಟಿಕೆಟ್ ಇಡುತ್ತಾರೆ, ಆದ್ದರಿಂದ ಹೊರಡುವ ಮುನ್ನ ಟ್ರಸ್ಟಿನ ಜಾಲತಾಣ ನೋಡಿ. ವಾರದ ನಡುವೆ ಹೋದರೆ ಜನ ಕಡಿಮೆ.

ಇಷ್ಟೊಂದು ಹೂವು ಒಂದೇ ಹೊತ್ತಿಗೆ ಏಕೆ ಅರಳುತ್ತದೆ ಎಂದು ಅತ್ತೆ ಕೇಳಿದ್ದರು. ಬೀಚ್, ಓಕ್ ಮರಗಳು ಚಳಿಗಾಲವೆಲ್ಲ ಬರಿದಾಗಿರುತ್ತವೆ. ವಸಂತದಲ್ಲಿ ಮೇಲೆ ಎಲೆ ದಟ್ಟವಾದರೆ ನೆಲಕ್ಕೆ ಬೆಳಕು ಬೀಳುವುದಿಲ್ಲ. ಅದಕ್ಕೆ ಮೊದಲಿನ ಕೆಲವೇ ವಾರಗಳಲ್ಲಿ ಈ ಗಿಡ ಎಲೆ ಬಿಟ್ಟು, ಹೂ ಬಿಟ್ಟು, ಮುಂದಿನ ವರ್ಷಕ್ಕೆ ಬೇಕಾದ ಆಹಾರವನ್ನು ಗೆಡ್ಡೆಯಲ್ಲಿ ಕೂಡಿಡಬೇಕು. ಎಲೆ ತುಳಿದು ಜಜ್ಜಿದರೆ ಆ ಕೂಡಿಕೆ ನಿಂತುಹೋಗುತ್ತದೆ. ತುಳಿದ ಜಾಗ ಮತ್ತೆ ತುಂಬಲು ಹಲವು ವರ್ಷ ಬೇಕು. ದಯವಿಟ್ಟು ಫೋಟೊಗಾಗಿ ಯಾರನ್ನೂ ಹೂವಿನ ನಡುವೆ ನಿಲ್ಲಿಸಬೇಡಿ. ರೇಷ್ಮೆ ಸೀರೆಯುಟ್ಟು ಹೂವಿನ ಮೇಲೆ ಕುಳಿತು ತೆಗೆಸಿಕೊಂಡ ಚಿತ್ರಗಳು ನಮ್ಮವರ ಗುಂಪುಗಳಲ್ಲಿ ಪ್ರತಿ ವರ್ಷ ಬರುತ್ತವೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಗೆಡ್ಡೆ ಕಿತ್ತು ಮನೆಗೆ ತರುವುದಂತೂ 1981ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಪಾಂಡವಪುರದವ

ಇಬ್ಬರಿಗೂ ತುಂಬ ಧನ್ಯವಾದಗಳು. ನಾಲೆ ಏರಿ ಸರ್, ನಿಮ್ಮ ಬರಹವನ್ನು ಫೋನಿನಲ್ಲಿ ಅಪ್ಪನಿಗೆ ಓದಿ ಹೇಳಿದೆ. ನೀರು ನೆತ್ತಿಗೆ ಎತ್ತುವ ಭಾಗ ಬಂದಾಗ ಇನ್ನೊಮ್ಮೆ ಓದು ಎಂದರು. "ಹಾಗಾದರೆ ಬೇಸಿಗೆಯಲ್ಲಿ ನೀರು ಸಾಲದಿದ್ದರೆ ಕಟ್ಟು ನೀರು ಬಿಡುತ್ತಾರೋ?" ಎಂದು ಕೇಳುತ್ತಿದ್ದಾರೆ. ಕಟ್ಟು ನೀರು ಎಂದರೆ ನೀರು ಕಡಿಮೆಯಿದ್ದಾಗ ಸರದಿ ಹಾಕಿ ಬಿಡುವುದು.

ಅಮ್ಮ ಮತ್ತು ಹೆಂಡತಿ ಕಾರಿನಲ್ಲಿ, ಅಪ್ಪ ಮತ್ತು ನಾನು ನಡೆದು, ಹೀಗೆ ಯೋಚಿಸಿದ್ದೇವೆ. ಆದರೆ ಅಮ್ಮನಿಗೂ ಲಾಕ್ ನೋಡುವ ಆಸೆ. ಹಳ್ಳಿಯಿಂದ ಸ್ಮಾರಕಕ್ಕೆ ಏರು ಎಷ್ಟು ಕಷ್ಟ? ಕಂಬದ ಮೇಲೆ ಹತ್ತಲು ಬಿಡುತ್ತಾರೆಯೇ?

ದೋಣಿಮನೆ

ಗೆಳೆಯರ ಜೊತೆ, ನಾಲೆಗೆಂದೇ ಕಿರಿದಾಗಿ ಕಟ್ಟಿದ ಬಾಡಿಗೆ ನ್ಯಾರೋಬೋಟ್‌ನಲ್ಲಿ ಈ ಏಳು ಲಾಕ್ ಹತ್ತಿದವನಾಗಿ ಒಂದೆರಡು ಮಾತು. ದೋಣಿಯವರ ಹತ್ತಿರ ಹೋಗಿ ಕೇಳಿದರೆ ತೊಲೆ ತಳ್ಳಲು ಸಂತೋಷದಿಂದ ಬಿಡುತ್ತಾರೆ. ಇಬ್ಬರೇ ಇರುವ ದೋಣಿಯವರಿಗೆ ಅದು ದೊಡ್ಡ ಸಹಾಯ. ಆದರೆ ಕೇಳದೆ ತೂಬು ಎತ್ತಬಾರದು. ಒಳಗಿನ ದೋಣಿ ಹಗ್ಗ ಕಿತ್ತು ಗೋಡೆಗೆ ಬಡಿಯಬಹುದು. ಲಾಕ್ ಖಾಲಿಯಾದಾಗ ಅಂಚಿನಲ್ಲಿ ನಿಂತು ಬಗ್ಗಿ ನೋಡಬೇಡಿ, ಕಲ್ಲು ಪಾಚಿಗಟ್ಟಿರುತ್ತದೆ. ದಡದ ದಾರಿಯಲ್ಲಿ ಹಿಂದಿನಿಂದ ಸೈಕಲ್ ಗಂಟೆ ಕೇಳಿದರೆ ನೀರಿನ ಕಡೆಗಲ್ಲ, ಬೇಲಿಯ ಕಡೆಗೆ ಸರಿಯಿರಿ. ಬೇಲಿಯ ಬುಡದಲ್ಲಿ ನೆಟಲ್ ಎಂಬ ತುರಿಸುವ ಗಿಡ ಇರುತ್ತದೆ, ಪ್ಯಾಂಟು ಉದ್ದನೆಯದಿರಲಿ.

ಹಳೆಯ ಸೇತುವೆಗಳ ಕೆಳಗೆ ಹೋಗುವಾಗ ಮೂಲೆಯ ಅಂಚನ್ನು ಗಮನಿಸಿ. ಕುದುರೆ ದೋಣಿ ಎಳೆಯುತ್ತಿದ್ದ ಕಾಲದಲ್ಲಿ ಒದ್ದೆ ಹಗ್ಗ ತಿಕ್ಕಿ ತಿಕ್ಕಿ ಕೊರೆದ ಗೀರುಗಳು ಈ ನಾಲೆಯ ಎಷ್ಟೋ ಕಡೆ ಉಳಿದಿವೆ. ಕೆಲವು ಬೆರಳು ಹಿಡಿಸುವಷ್ಟು ಆಳ.

ನಾಲೆ ಏರಿ

ಕೆಸರಿನ ಬಗ್ಗೆ ಕಣಗಿಲೆಯವರು ಹೇಳಿದ್ದು ಸರಿ. ಆದರೆ ತಾಯಿಯವರನ್ನು ಕಾಡಿಗೆ ಮಾತ್ರ ಕರೆದೊಯ್ದು ನೀರು ತೋರಿಸದಿರುವುದನ್ನು ನಾನು ಒಪ್ಪುವುದಿಲ್ಲ. ಸ್ಟಾರ್ಟಪ್ಸ್ ಎಂಡ್ ಕೆರೆಯ ಪಕ್ಕ ಕಾರು ನಿಲ್ಲಿಸುವ ಜಾಗವಿದೆ, ಅಲ್ಲಿಂದ ಲಾಕ್ ಕೆಲವೇ ಹೆಜ್ಜೆ. ನೀವು ಮತ್ತು ತಂದೆಯವರು ನಿಲ್ದಾಣದಿಂದ ಕಟಿಂಗ್ ಮೂಲಕ ನಡೆದು ಬನ್ನಿ, ಅವರು ಕಾರಿನಲ್ಲಿ ಬಂದು ಲಾಕ್ ಬಳಿ ಕುಳಿತಿರಲಿ. ಬುತ್ತಿ ಅಲ್ಲೇ ಬಿಚ್ಚಿ. ಕೆರೆಯಲ್ಲಿ ನೀರುಹಕ್ಕಿಗಳು ಹೇರಳ. ಲಿಟಲ್ ರಿಂಗ್ಡ್ ಪ್ಲವರ್ ಎಂಬ ಪುಟ್ಟ ಹಕ್ಕಿ ಬ್ರಿಟನ್ನಿನಲ್ಲಿ ಮೊದಲು ಗೂಡು ಕಟ್ಟಿದ್ದು ಈ ಟ್ರಿಂಗ್ ಕೆರೆಗಳಲ್ಲೇ, 1938ರಲ್ಲಿ.

ಊಟವಾದ ಮೇಲೆ ಎಲ್ಲರೂ ಕಾರಿನಲ್ಲೇ ಆಲ್ಡ್‌ಬರಿಗೆ ಬನ್ನಿ. ಹಳ್ಳಿಯ ನಡುವೆ ಬಾತುಕೋಳಿಗಳ ಕೊಳ, ಅದರ ಪಕ್ಕದಲ್ಲಿ ಹಿಂದೆ ತಪ್ಪಿತಸ್ಥರ ಕಾಲು ಸಿಕ್ಕಿಸಿ ಕೂರಿಸುತ್ತಿದ್ದ ಮರದ ಹಲಗೆ, ಚಾಟಿಯ ಕಂಬ ಇನ್ನೂ ಇವೆ. ತಾಯಿಯವರು ಕೊಳದ ಬಳಿ ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳಲಿ. ನೀವಿಬ್ಬರು ಅಲ್ಲಿಂದ ಕಾಡಿನ ದಾರಿ ಹಿಡಿಯಿರಿ, ಅವರು ರಸ್ತೆಯಲ್ಲಿ ಬಂದು ಸ್ಮಾರಕದ ಬಳಿ ಸೇರಲಿ. ಏರು ಕಡಿದು, ಆದರೆ ಉದ್ದವಿಲ್ಲ. ನಡುವೆ ನಿಂತು ಉಸಿರು ತೆಗೆದುಕೊಂಡರೂ ಅರ್ಧ ಗಂಟೆ ಸಾಕು. ಬೆಟ್ಟದ ಮೇಲೆ ಸುಣ್ಣಕಲ್ಲಿನ ಮೇಲೊಂದು ಪದರ ಜೇಡಿಮಣ್ಣು, ಅದರಲ್ಲಿ ಚಕಮಕಿ ಕಲ್ಲಿನ ತುಂಡುಗಳು. ಮಳೆಯಲ್ಲಿ ಜಾರುತ್ತದೆ. ತಂದೆಯವರ ಕೈಗೆ ಒಂದು ಕೋಲು ಕೊಡಿ. ಸದ್ದು ಮಾಡದೆ ಹತ್ತಿದರೆ ಜಿಂಕೆ ಕಾಣುತ್ತವೆ.

ಕಂಬದೊಳಗೆ 172 ಮೆಟ್ಟಿಲುಗಳಿವೆ. ಬೇಸಿಗೆಯ ತಿಂಗಳುಗಳಲ್ಲಿ ವಾರಾಂತ್ಯಕ್ಕೆ ತೆರೆಯುವುದು ರೂಢಿ, ಗಾಳಿ ಮಳೆ ಜೋರಾದರೆ ಮುಚ್ಚುತ್ತಾರೆ. ಅಲ್ಲಿಯೇ ತೊಡಕಿರುವುದು. ಹೂವಿಗೆ ವಾರದ ನಡುವೆ ಒಳ್ಳೆಯದು, ಮೆಟ್ಟಿಲಿಗೆ ವಾರಾಂತ್ಯ ಬೇಕು. ತಂದೆಯವರಿಗೆ ಹತ್ತುವ ಆಸೆಯಿದ್ದರೆ ಶನಿವಾರ ಹೋಗಿ, ಡಾಕಿ ವುಡ್‌ಗೆ ಮೊದಲೇ ಟಿಕೆಟ್ ತೆಗೆದಿಡಿ. ಏಪ್ರಿಲ್ ಕೊನೆಗೆ ರಾತ್ರಿ ಎಂಟರವರೆಗೂ ಬೆಳಕಿರುತ್ತದೆ, ಆದ್ದರಿಂದ ಹೂವನ್ನು ಸಂಜೆಗೆ ಇಟ್ಟುಕೊಳ್ಳಬಹುದು.

ಕಟ್ಟು ನೀರಿನ ಪ್ರಶ್ನೆಗೆ ಉತ್ತರ: ಹೌದು, ಒಂದು ರೀತಿಯಲ್ಲಿ ಹಾಗೆಯೇ. ಬರಗಾಲದಲ್ಲಿ ಕೆರೆಗಳ ಮಟ್ಟ ಇಳಿದರೆ ಲಾಕ್ ದಾಟುವ ಹೊತ್ತನ್ನು ಮೊಟಕುಗೊಳಿಸುತ್ತಾರೆ, ಸಂಜೆಯಾದ ಮೇಲೆ ಕದಗಳಿಗೆ ಬೀಗ ಹಾಕುವುದೂ ಉಂಟು. ಸಾಧ್ಯವಾದಾಗ ಎರಡು ದೋಣಿಗಳು ಅಕ್ಕಪಕ್ಕ ಒಂದೇ ಲಾಕ್‌ನಲ್ಲಿ ಇಳಿಯಬೇಕೆಂದು ಕೇಳುತ್ತಾರೆ. ಏಳಡಿ ಅಗಲದ ದೋಣಿಗಳು ಎರಡು ಹಿಡಿಯುವಂತೆಯೇ ಇಲ್ಲಿಯ ಲಾಕ್‌ಗಳನ್ನು ಹದಿನಾಲ್ಕು ಅಡಿಗೂ ತುಸು ಹೆಚ್ಚು ಅಗಲವಾಗಿ ಕಟ್ಟಿದ್ದಾರೆ. 2012ರಿಂದ ಈ ನಾಲೆಯ ಉಸ್ತುವಾರಿ ಕೆನಾಲ್ ಅಂಡ್ ರಿವರ್ ಟ್ರಸ್ಟಿನದು. ಲಾಕ್ ಬಳಿ ಅವರ ಸಿಬ್ಬಂದಿಯೋ ಸ್ವಯಂಸೇವಕರೋ ಸಿಕ್ಕರೆ ತಂದೆಯವರ ಪ್ರಶ್ನೆಗಳನ್ನು ನೀವು ಇಂಗ್ಲಿಷಿಗೆ ಹೇಳಿ ಕೇಳಿಸಿ. ಆ ದಿನ ಕೆರೆಯ ಮಟ್ಟ ಎಷ್ಟಿದೆ, ಪಂಪ್ ಓಡುತ್ತಿದೆಯೇ ಎಂಬುದನ್ನು ಅವರು ಹೇಳಬಲ್ಲರು.